ಬಟವಾಡೆಯ ದಿನ

ನನ್ನ ಮೊದಲ ಸಂಬಳದ ದಿನವನ್ನು ಇಂದಿಗೂ ಮರೆತಿಲ್ಲ. 1974ರ ಜುಲೈ ತಿಂಗಳು. ಖಾಸಗಿ ಶಾಲೆಯೊಂದಕ್ಕೆ ಆಗಷ್ಟೇ ಸೇರಿದ್ದೆ. ಗುಮಾಸ್ತರು ಬಟವಾಡೆ ಪುಸ್ತಕವನ್ನು ಮುಂದಿರಿಸಿ, ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ ಹಾಕುವಂತೆ ಬೆರಳು ತೋರಿಸಿದರು. ನನ್ನ ಹೆಸರಿನ ಮುಂದೆ 250 ರೂಪಾಯಿ ಎಂದಿತ್ತು. ಕೈಗೆ ಬಂದ ಲಕೋಟೆಯಲ್ಲಿದ್ದುದು 180 ರೂಪಾಯಿ. ತಲೆಯೆತ್ತಿ ನೋಡಿದೆ. "ಎಲ್ಲರಿಗೂ ಹೀಗೆಯೇ ಮೇಷ್ಟ್ರೇ" ಎಂದರು, ದನಿ ತಗ್ಗಿಸಿ. ಸಹಿ ಹಾಕಿದೆ. ತರಗತಿಯಲ್ಲಿ ಹರಿಶ್ಚಂದ್ರನ ಕಥೆ ಹೇಳುತ್ತಿದ್ದ ನಾನು ಎರಡು ವರ್ಷಗಳ ಕಾಲ ಪ್ರತಿ ತಿಂಗಳೂ ಒಂದು ಸುಳ್ಳಿಗೆ ಸಹಿ ಹಾಕಿದವನು.

ಈ ಹಳೆಯ ಸಂಕಟ ಮತ್ತೆ ನೆನಪಾದದ್ದು ಇತ್ತೀಚೆಗೆ, ಪೀಣ್ಯದಲ್ಲಿ ಬಿಡಿಭಾಗಗಳ ಸಣ್ಣ ಕಾರ್ಖಾನೆ ನಡೆಸುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಲ್ಲಿಗೆ ಹೋದಾಗ. ಹೆಸರು ಬರೆದರೆ ಸಂಕೋಚಪಟ್ಟುಕೊಳ್ಳುತ್ತಾನೆ. ಇಪ್ಪತ್ತೆರಡು ಮಂದಿ ಕೆಲಸಗಾರರು. ಅಂದು ಸಂಬಳದ ದಿನ. ನಾನು ಕಾಫಿ ಮುಗಿಸುವಷ್ಟರಲ್ಲಿ ಅಷ್ಟೂ ಮಂದಿಗೆ ಸಂಬಳ ಹೋಗಿಬಿಟ್ಟಿತ್ತು. ಲಕೋಟೆಯಿಲ್ಲ, ಸಾಲಿಲ್ಲ, ಸ್ಟಾಂಪಿಲ್ಲ. ಇತಿಹಾಸದ ಮೇಷ್ಟ್ರಿಗೆ ಸುಮ್ಮನೆ ಕೂರಲಾದೀತೇ? ಮನೆಗೆ ಬಂದವನೇ ಹಳೆಯ ಪುಸ್ತಕಗಳನ್ನು ತೆರೆದೆ.

ಬ್ರಿಟಿಷರ ಕಾಲದ ಗಿರಣಿಗಳಲ್ಲಿ ಕೂಲಿ ಯಾವ ದಿನ ಬರುವುದೆಂಬ ಖಾತ್ರಿಯಿರಲಿಲ್ಲ. ಬಂದರೂ ದಂಡದ ಹೆಸರಿನಲ್ಲಿ ಎಷ್ಟು ಮುರಿದುಕೊಳ್ಳುವರೆಂಬ ಲೆಕ್ಕವಿರಲಿಲ್ಲ. 1929ರಲ್ಲಿ ನೇಮಕಗೊಂಡ ವಿಟ್ಲಿ ಆಯೋಗವು 1931ರಲ್ಲಿ ವರದಿ ಸಲ್ಲಿಸಿತು. ಅದರ ಬೆನ್ನಿಗೆ ಬಂದದ್ದು 1936ರ ವೇತನ ಪಾವತಿ ಕಾಯ್ದೆ. ಆರಂಭದಲ್ಲಿ ಅದು ತಿಂಗಳಿಗೆ 200 ರೂಪಾಯಿಗಿಂತ ಕಡಿಮೆ ದುಡಿಯುವವರಿಗೆ ಅನ್ವಯಿಸುತ್ತಿತ್ತು. ಸಾವಿರಕ್ಕಿಂತ ಕಡಿಮೆ ಕೆಲಸಗಾರರಿರುವಲ್ಲಿ ಏಳನೆಯ ತಾರೀಖಿನೊಳಗೆ, ಉಳಿದೆಡೆ ಹತ್ತನೆಯ ತಾರೀಖಿನೊಳಗೆ ಸಂಬಳ ಕೊಡಬೇಕು. ದಂಡವು ರೂಪಾಯಿಗೆ ಅರ್ಧ ಆಣೆಯನ್ನು ಮೀರಬಾರದು. ಕೂಲಿಯನ್ನು ಚಾಲ್ತಿಯ ನಾಣ್ಯ ಇಲ್ಲವೇ ನೋಟುಗಳಲ್ಲಿಯೇ ಕೊಡಬೇಕು.

ಈ ಕೊನೆಯ ನಿಯಮವನ್ನು ಗಮನಿಸಿರಿ. ಕೂಲಿಗೆ ಬದಲಾಗಿ ಮಾಲೀಕನ ಅಂಗಡಿಯ ದಿನಸಿಯನ್ನು ಹೊರಿಸುವ ದುಷ್ಟ ಪದ್ಧತಿಯನ್ನು ತಡೆಯಲು ಇಂಗ್ಲೆಂಡು 1831ರಲ್ಲಿಯೇ ಕಾಯ್ದೆ ಮಾಡಿತ್ತು. ಅಂದು ನಗದೆಂಬುದೇ ಬಡವನ ರಕ್ಷಾಕವಚ. ಆದರೆ ನಗದಿಗೆ ಸಾಕ್ಷಿಯಾಗಿದ್ದುದು ಬಟವಾಡೆ ಪುಸ್ತಕವೊಂದೇ. ಆ ಪುಸ್ತಕ ಎಂಥ ಸಾಕ್ಷಿಯೆಂಬುದನ್ನು ನಾನು ಮೇಲೆ ಹೇಳಿದ್ದೇನೆ.

1975ರಲ್ಲಿ ಕಾಯ್ದೆಗೆ ಚಿಕ್ಕದೊಂದು ಕಿಟಕಿ ತೆರೆಯಿತು. ಕೆಲಸಗಾರನು ಲಿಖಿತ ಒಪ್ಪಿಗೆ ಕೊಟ್ಟರೆ ಚೆಕ್ಕಿನ ಮೂಲಕವೋ ಬ್ಯಾಂಕ್ ಖಾತೆಯ ಮೂಲಕವೋ ಸಂಬಳ ಕೊಡಬಹುದೆಂಬ ತಿದ್ದುಪಡಿ ಅದು. ಆದರೆ ಖಾತೆಯಿದ್ದ ಕೂಲಿಗಳೆಷ್ಟು ಮಂದಿ? ಬಾಗಿಲು ತೆರೆಯಲು ದಶಕಗಳೇ ಬೇಕಾದವು. 1990ರ ದಶಕದಲ್ಲಿ ರಿಸರ್ವ್ ಬ್ಯಾಂಕು ಇಸಿಎಸ್ ವ್ಯವಸ್ಥೆಯನ್ನು ತಂದಿತು. 2005ರ ನವೆಂಬರಿನಲ್ಲಿ ನೆಫ್ಟ್ ಬಂದಿತು. ಇತ್ತ ನಮ್ಮ ಬೆಂಗಳೂರಿನಲ್ಲಿಯೇ 1986ರಲ್ಲಿ ಶ್ಯಾಮಸುಂದರ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಆರಂಭಿಸಿದ ಸಂಸ್ಥೆಯ 'ಟ್ಯಾಲಿ' ತಂತ್ರಾಂಶಕ್ಕೆ 2006ರಲ್ಲಿ ವೇತನ ಲೆಕ್ಕದ ಭಾಗವೂ ಸೇರಿತು. ದೊಡ್ಡ ಕಚೇರಿಗಳ ಸೊತ್ತಾಗಿದ್ದ ಈ ಸೌಲಭ್ಯ ಹೀಗೆ ಸಣ್ಣ ಕಾರ್ಖಾನೆಯ ಮೇಜಿಗೂ ಇಳಿಯಿತು. 2014ರ ಆಗಸ್ಟಿನಲ್ಲಿ ಆರಂಭವಾದ ಜನಧನ ಯೋಜನೆಯಿಂದ ಖಾತೆಗಳು ಹೆಚ್ಚಿದವು. 2016ರ ನೋಟು ರದ್ದತಿಯ ಬೆನ್ನಿಗೇ ಕಾಯ್ದೆ ಮತ್ತೆ ತಿದ್ದುಪಡಿಯಾಗಿ, ಲಿಖಿತ ಒಪ್ಪಿಗೆಯ ಅಗತ್ಯವೂ ತಪ್ಪಿತು.

ನನ್ನ ವಿದ್ಯಾರ್ಥಿ ಎಲ್ಲವನ್ನೂ ಪಾಠ ಒಪ್ಪಿಸುವಂತೆ ವಿವರಿಸಿದ. ಹಾಜರಿಯ ದಿನಗಳನ್ನು ತುಂಬಿದರೆ ಸಂಬಳ, ಓವರ್‌ಟೈಮು, ಮುಂಗಡದ ಕಂತು, ಭವಿಷ್ಯನಿಧಿ, ಇಎಸ್‌ಐ ಎಲ್ಲವನ್ನೂ ತಂತ್ರಾಂಶವೇ ಲೆಕ್ಕ ಹಾಕುತ್ತದೆ. ಆಮೇಲೆ ಹೆಸರು, ಖಾತೆ ಸಂಖ್ಯೆ, ಐಎಫ್‌ಎಸ್‌ಸಿ, ಮೊತ್ತ ಇವಿಷ್ಟಿರುವ ಒಂದು ಪಟ್ಟಿ ಸಿದ್ಧವಾಗುತ್ತದೆ. ಅದನ್ನು ಬ್ಯಾಂಕಿನ ಜಾಲತಾಣಕ್ಕೆ ಏರಿಸುವವರು ಲೆಕ್ಕ ಬರೆಯುವ ಹುಡುಗಿ. ಮಂಜೂರು ಮಾಡುವವನು ಇವನು. ಒಬ್ಬರೇ ಎರಡನ್ನೂ ಮಾಡುವಂತಿಲ್ಲ.

"ತಪ್ಪಾಗುವುದಿಲ್ಲವೇನಪ್ಪಾ?" ಎಂದು ಕೇಳಿದೆ.

"ಒಮ್ಮೆ ಆಗಿತ್ತು ಸಾರ್. ಒಂದು ಅಂಕಿ ತಪ್ಪಿ, ಒಬ್ಬನ ಸಂಬಳ ಯಾರೋ ಅಪರಿಚಿತರ ಖಾತೆಗೆ ಹೋಯಿತು. ಅವನ ಮಗಳ ಶಾಲೆಯ ಫೀಸು ಕಟ್ಟುವ ದಿನ ಅದು. ಅಂದೇ ನನ್ನ ಕೈಯಿಂದ ಕೊಟ್ಟೆ. ಹೋದ ಹಣ ಬರಲು ತಿಂಗಳುಗಳೇ ಆದವು."

ಹಣವನ್ನು ಸೇರಿಸುವಾಗ ಯಂತ್ರ ನೋಡುವುದು ಖಾತೆಯ ಸಂಖ್ಯೆಯನ್ನು, ಹೆಸರನ್ನಲ್ಲ. ನೆಫ್ಟ್ ಮೂಲಕ ಕಳುಹಿಸುವ ಮುನ್ನ ಖಾತೆದಾರನ ಹೆಸರನ್ನು ಪರದೆಯ ಮೇಲೆ ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಒದಗಿಸಬೇಕೆಂದು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ವಿಧಿಸಿತು. ಹೊಸಬರನ್ನು ಸೇರಿಸಿಕೊಳ್ಳುವಾಗ ಇವನು ಈಗ ಹೆಸರನ್ನು ನೋಡಿಯೇ ಮುಂದುವರಿಯುತ್ತಾನಂತೆ. 2019ರ ಡಿಸೆಂಬರ್ 16ರಿಂದ ನೆಫ್ಟ್ ಹಗಲಿರುಳೂ ನಡೆಯುತ್ತದೆ. ಏಳನೆಯ ತಾರೀಖು ಭಾನುವಾರ ಬಂದಿತೆಂಬ ನೆಪಕ್ಕೆ ಈಗ ಎಡೆಯಿಲ್ಲ.

ಹಾಗಾದರೆ ನನ್ನ 70 ರೂಪಾಯಿಯ ಕಥೆ ಮುಗಿಯಿತೇ? ಮುಗಿಯಿತೆಂದು ಹೇಳುವ ಧೈರ್ಯ ನನಗಿಲ್ಲ. ಖಾತೆಗೆ ಪೂರ್ತಿ ಸಂಬಳ ಹಾಕಿ, ಮರುದಿನ ಅದರಲ್ಲೊಂದು ಪಾಲನ್ನು ನಗದಾಗಿ ಹಿಂದಕ್ಕೆ ಕೇಳುವವರಿದ್ದಾರೆ. ಕೆಲಸಗಾರರ ಎಟಿಎಂ ಕಾರ್ಡನ್ನೇ ತಮ್ಮ ಬಳಿ ಇರಿಸಿಕೊಳ್ಳುವವರೂ ಇದ್ದಾರೆಂದು ಕೇಳಿದ್ದೇನೆ. ಸುಳ್ಳು ಸಹಿಯ ಜಾಗದಲ್ಲಿ ಸುಳ್ಳು ಜಮೆ. ಆದರೂ ಒಂದು ವ್ಯತ್ಯಾಸವುಂಟು. ನನ್ನ ಕಾಲದ ಪುಸ್ತಕ ಆಡಳಿತದವರ ಕಪಾಟಿನಲ್ಲಿರುತ್ತಿತ್ತು. ಇಂದಿನ ದಾಖಲೆಯ ಒಂದು ಪ್ರತಿ ಕೆಲಸಗಾರನ ಪಾಸ್‌ಬುಕ್ಕಿನಲ್ಲಿಯೂ ಇರುತ್ತದೆ. ಪ್ರಶ್ನೆ ಕೇಳಬಯಸುವವನ ಕೈಯಲ್ಲಿ ಕನಿಷ್ಠ ಒಂದು ಕಾಗದವಿದೆ.

1936ರ ಆ ಕಾಯ್ದೆ ಈಗಿಲ್ಲ. 2019ರ ವೇತನ ಸಂಹಿತೆಯು 2025ರ ನವೆಂಬರ್ 21ರಂದು ಜಾರಿಗೆ ಬಂದು ಅದರ ಸ್ಥಾನವನ್ನು ಪಡೆಯಿತು. ನಾಣ್ಯ, ನೋಟು, ಚೆಕ್ಕುಗಳ ಜೊತೆಗೆ ವಿದ್ಯುನ್ಮಾನ ಪಾವತಿಯ ಹೆಸರೂ ಅದರಲ್ಲಿ ಬಂದಿದೆ. ತಿಂಗಳ ಸಂಬಳಕ್ಕೆ ಏಳನೆಯ ತಾರೀಖು ಮಾತ್ರ ಹಾಗೆಯೇ ಉಳಿದಿದೆ.

ಹೊರಡುವಾಗ ನೋಡಿದೆ: ಅವನು ಸಂಬಳದ ಚೀಟಿಗಳನ್ನು ಕನ್ನಡದಲ್ಲಿ ಮುದ್ರಿಸಿ ಒಬ್ಬೊಬ್ಬರಿಗೂ ಕೊಡುತ್ತಿದ್ದ. ಓದಲು ಬಾರದ ಹಿರಿಯರೊಬ್ಬರಿಗೆ ಯಾವ ಬಾಬಿಗೆ ಎಷ್ಟು ಕಡಿತವೆಂದು ತಾನೇ ಓದಿ ಹೇಳಿದ. ಹಣ ಕ್ಷಣದಲ್ಲಿ ಹೋಗಿತ್ತು. ಈ ಕೆಲಸಕ್ಕೆ ಅರ್ಧ ಗಂಟೆ ಹಿಡಿಯಿತು. ಆ ಅರ್ಧ ಗಂಟೆಯನ್ನು ಉಳಿಸಬೇಡವೆಂದು ಹೇಳಿ ಬಂದೆ.

ನಿಮ್ಮಲ್ಲಿ ಎಷ್ಟೋ ಮಂದಿ ಇಂದು ಸಂಬಳ ಕೊಡುವ ಜಾಗದಲ್ಲಿದ್ದೀರಿ. ನಿಮ್ಮ ಮೊದಲ ಬಟವಾಡೆಯ ದಿನವನ್ನೂ ಒಮ್ಮೆ ನೆನೆದು ನನಗೆ ಬರೆಯಿರಿ.