ಒಂದು ಪದ, 144 ಜೀವ

1/5
ಒಂದು ಪ್ರಶ್ನೆ. ಆಕಾಶ ಅಷ್ಟು ದೊಡ್ಡದು, ಬಿಸಿಲು ಚೆನ್ನಾಗಿದೆ, ಮೋಡ ಅಡ್ಡ ಇಲ್ಲ. ಎರಡು ವಿಮಾನಗಳು ಒಂದಕ್ಕೊಂದು ಡಿಕ್ಕಿ ಹೊಡೆಯೋದಾದ್ರೂ ಹೇಗೆ?

ನಾನೂ ಹಾಗೇ ಅಂದ್ಕೊಂಡಿದ್ದೆ. ಆದ್ರೆ ಆಕಾಶ ದೊಡ್ಡದಿರಬಹುದು, ವಿಮಾನ ನಿಲ್ದಾಣದ ಸುತ್ತಲಿನ ಆಕಾಶ ದೊಡ್ಡದಲ್ಲ. ಮೆಜೆಸ್ಟಿಕ್‌ಗೆ ಬರೋ ಬಸ್ಸುಗಳೆಲ್ಲ ಕೊನೇಲಿ ಒಂದೇ ಕಡೆ ನುಗ್ಗೋ ಹಾಗೆ, ಇಳಿಯೋರು, ಏರೋರು, ಹಾರೋದು ಕಲಿಯೋರು ಎಲ್ಲರೂ ಅಲ್ಲೇ ಸೇರ್ತಾರೆ. ಇವತ್ತಿನ ಕಥೆ ಅಮೆರಿಕದ ಸ್ಯಾನ್ ಡಿಯಾಗೋದ್ದು.

2/5
1978ರ ಸೆಪ್ಟೆಂಬರ್ 25, ಸೋಮವಾರ, ಬೆಳಗ್ಗೆ ಸುಮಾರು 9 ಗಂಟೆ. ಪಿಎಸ್‌ಎ ಕಂಪನಿಯ ಬೋಯಿಂಗ್ 727 ವಿಮಾನ 135 ಜನರನ್ನು ಹೊತ್ತು ಲಿಂಡ್‌ಬರ್ಗ್ ಫೀಲ್ಡ್‌ನಲ್ಲಿ ಇಳಿಯಲು ಬರುತ್ತಿತ್ತು. ಅದರ ಮುಂದೆ, ಸ್ವಲ್ಪ ಕೆಳಗೆ, ಒಂದು ಪುಟ್ಟ ಸೆಸ್ನಾ 172. ಒಳಗೆ ಇಬ್ಬರೇ: ಉಪಕರಣಗಳನ್ನಷ್ಟೇ ನೋಡಿ ಇಳಿಯುವುದನ್ನು ಅಭ್ಯಾಸ ಮಾಡ್ತಿದ್ದ ಪೈಲಟ್, ಪಕ್ಕದಲ್ಲಿ ತರಬೇತುದಾರ.

ಮುಂದೆ ಸೆಸ್ನಾ ಇದೆ ಅಂತ ಕಂಟ್ರೋಲರ್ ಬೋಯಿಂಗ್‌ಗೆ ತಿಳಿಸಿದರು. ಪೈಲಟ್‌ಗಳು ಕಾಣಿಸಿದೆ ಅಂದರು. ಆ ಮಾತು ಬಂದ ಮೇಲೆ, ದೂರ ಕಾಯ್ದುಕೊಳ್ಳುವ ಹೊಣೆ ಪೈಲಟ್‌ಗಳ ಕಣ್ಣಿಗೆ ಬಿತ್ತು. ಜೊತೆಗೊಂದು ಷರತ್ತೂ ಇತ್ತು: ಕಣ್ತಪ್ಪಿದರೆ ಕೂಡಲೇ ಹೇಳಬೇಕು. ಅತ್ತ ಸೆಸ್ನಾದವರಿಗೂ ಹೇಳಿಯಾಗಿತ್ತು: ಹಿಂದೆ ಜೆಟ್ ಬರ್ತಿದೆ, ಅವರಿಗೆ ನೀವು ಕಾಣಿಸ್ತಿದ್ದೀರಿ ಅಂತ.

3/5
ಆದ್ರೆ ಕಾಣಿಸ್ತಿರಲಿಲ್ಲ. ಬೋಯಿಂಗ್‌ನ ಕಾಕ್‌ಪಿಟ್ಟಿನಲ್ಲಿ ಅದೆಲ್ಲಿ ಹೋಯ್ತು ಅಂತ ತಮ್ಮತಮ್ಮಲ್ಲೇ ಕೇಳಿಕೊಳ್ತಿದ್ದರು. ರೇಡಿಯೋದಲ್ಲಿ ಮಾತ್ರ ಹೇಳಿದ್ದು, ಬಲಕ್ಕೆ ದಾಟಿ ಹೋಯ್ತು ಅನ್ಸುತ್ತೆ ಅಂತ. ಕಂಟ್ರೋಲರ್ ಕಿವಿಗೆ ಬಿದ್ದಿದ್ದು, ಬಲಕ್ಕೆ ದಾಟ್ತಾ ಇದೆ ಅಂತ.

ಎರಡನ್ನೂ ಒಮ್ಮೆ ಜೋರಾಗಿ ಓದಿ ನೋಡಿ. ‘ದಾಟಿ ಹೋಯ್ತು ಅನ್ಸುತ್ತೆ’ ಅಂದ್ರೆ ನನಗೆ ಕಾಣಿಸ್ತಿಲ್ಲ. ‘ದಾಟ್ತಾ ಇದೆ’ ಅಂದ್ರೆ ನನ್ನ ಕಣ್ಣು ಅದರ ಮೇಲೇ ಇದೆ.

ಇದೇ ಹೊತ್ತಿಗೆ ಸೆಸ್ನಾ ತನಗೆ ಕೊಟ್ಟಿದ್ದ ದಿಕ್ಕು ಬಿಟ್ಟು, ಯಾರಿಗೂ ತಿಳಿಸದೆ, ಬೋಯಿಂಗ್ ಹೋಗ್ತಿದ್ದ ದಾರಿಗೇ ತಿರುಗಿತ್ತು. ಡಿಕ್ಕಿಗೆ 19 ಸೆಕೆಂಡ್ ಮೊದಲು ರೇಡಾರ್ ಕೇಂದ್ರದ ಕಂಪ್ಯೂಟರ್ ಎಚ್ಚರಿಕೆ ಕೊಟ್ಟಿತು. ಸುಳ್ಳು ಎಚ್ಚರಿಕೆಗಳು ಅಲ್ಲಿ ಮಾಮೂಲಿ. ಮೇಲಾಗಿ ಪೈಲಟ್‌ಗಳು ಕಾಣಿಸಿದೆ ಅಂದಿದ್ದಾರಲ್ಲ! ಯಾರೂ ಏನೂ ಮಾಡಲಿಲ್ಲ. ಸುಮಾರು 2,600 ಅಡಿ ಎತ್ತರದಲ್ಲಿ ಬೋಯಿಂಗ್ ಹಿಂದಿನಿಂದ ಬಂದು ಸೆಸ್ನಾದ ಮೇಲೇ ಇಳಿಯಿತು. ಎರಡೂ ವಿಮಾನಗಳಲ್ಲಿದ್ದ 137 ಜನ, ಕೆಳಗೆ ನಾರ್ತ್ ಪಾರ್ಕ್ ಬಡಾವಣೆಯಲ್ಲಿ 7 ಜನ. ಒಟ್ಟು 144.

4/5
ಹಗಲಲ್ಲಿ ಯಾಕೆ ಕಾಣಲಿಲ್ಲ? ಸೆಸ್ನಾದ ಹಿನ್ನೆಲೆಯಲ್ಲಿ ಇದ್ದಿದ್ದು ಆಕಾಶ ಅಲ್ಲ, ಊರಿನ ಮನೆಗಳು. ಬಣ್ಣದೊಳಗೆ ಬಣ್ಣ ಸೇರಿಹೋಯ್ತು. ಇನ್ನೊಂದು ವಿಷಯ ನಂಗೂ ಹೊಸದು: ಎರಡು ವಿಮಾನಗಳು ನೇರವಾಗಿ ಡಿಕ್ಕಿಯ ದಾರಿಯಲ್ಲಿದ್ದರೆ, ಎದುರಿನದು ಕಿಟಕಿ ಗಾಜಿನ ಮೇಲೆ ಅಲುಗಾಡೋದೇ ಇಲ್ಲ. ಒಂದೇ ಜಾಗದಲ್ಲಿ ಚುಕ್ಕಿಯಂತೆ ನಿಂತಿದ್ದು, ಕೊನೇ ಕ್ಷಣಗಳಲ್ಲಿ ದೊಡ್ಡದಾಗುತ್ತೆ. ನಮ್ಮ ಕಣ್ಣು ಬೇಗ ಹಿಡಿಯೋದು ಅಲುಗಾಡೋದನ್ನ. ಅಪಾಯ ಅಲುಗಾಡದೆ ಬರುತ್ತೆ.

ತನಿಖೆ ಹೇಳಿದ್ದು: ಕಣ್ತಪ್ಪಿದ್ದನ್ನು ಪೈಲಟ್‌ಗಳು ತಿಳಿಸಲಿಲ್ಲ. ಜೊತೆಗೆ, ರೇಡಾರ್‌ನಿಂದ ದೂರ ಇಡೋ ಅನುಕೂಲ ಇದ್ದೂ ಎಲ್ಲವನ್ನೂ ಕಣ್ಣಿಗೆ ಬಿಟ್ಟ ಪದ್ಧತಿಯೂ ಕಾರಣ.

5/5
ಪಾಠ ಪೂರ್ತಿ ಕಲಿಯೋಕೆ ಇನ್ನೊಂದು ಅಪಘಾತ ಬೇಕಾಯ್ತು. 1986ರ ಆಗಸ್ಟ್ 31ರಂದು, ಲಾಸ್ ಏಂಜಲೀಸ್ ಹತ್ತಿರದ ಸೆರಿಟೋಸ್ ಮೇಲೆ, ಅನುಮತಿಯಿಲ್ಲದೆ ಒಳಬಂದಿದ್ದ ಸಣ್ಣ ಪೈಪರ್ ವಿಮಾನಕ್ಕೂ ಏರೋಮೆಕ್ಸಿಕೋದ ಡಿಸಿ-9ಕ್ಕೂ ಡಿಕ್ಕಿ. 82 ಸಾವು. ಪೈಪರ್‌ನ ಉಪಕರಣ ತನ್ನ ಎತ್ತರ ಎಷ್ಟು ಅಂತ ರೇಡಾರ್‌ಗೆ ತಿಳಿಸ್ತಿರಲಿಲ್ಲ.

1987ರಲ್ಲಿ ಅಮೆರಿಕ ಕಾನೂನು ಮಾಡಿತು: ದೊಡ್ಡ ಪ್ರಯಾಣಿಕ ವಿಮಾನಗಳಲ್ಲಿ ಟಿಕ್ಯಾಸ್ ಇರಲೇಬೇಕು. ಅದು ಹತ್ತಿರದ ವಿಮಾನವನ್ನು ತಾನೇ ಪತ್ತೆಹಚ್ಚಿ ‘ಮೇಲೇರು’ ಅಥವಾ ‘ಕೆಳಗಿಳಿ’ ಅನ್ನುತ್ತೆ. ದಟ್ಟಣೆಯ ನಿಲ್ದಾಣಗಳ ಸುತ್ತ 30 ನಾಟಿಕಲ್ ಮೈಲಿಯೊಳಗೆ ಸಣ್ಣ ವಿಮಾನಗಳೂ ತಮ್ಮ ಎತ್ತರ ತಿಳಿಸಬೇಕು ಅನ್ನೋ ನಿಯಮವೂ ಬಂತು. ಟವರ್ ಇಲ್ಲದ ಪುಟ್ಟ ಏರ್‌ಸ್ಟ್ರಿಪ್‌ಗಳಲ್ಲಿ ಇವತ್ತಿಗೂ ಹಳೇ ಕ್ರಮವೇ: ಗೊತ್ತಾದ ಸುತ್ತಿನಲ್ಲೇ ಬಾ, ಎಲ್ಲಿದ್ದೀನಿ ಅಂತ ರೇಡಿಯೋದಲ್ಲಿ ಹೇಳ್ತಾ ಇರು, ಕಣ್ಣು ಹೊರಗಿಡು.

ನಮ್ಮ ಆಡಿಟಿಂಗ್ ಕ್ಲಾಸ್ ನೆನಪಿದೆಯಾ? ಹೋದ ವರ್ಷ ಎಣಿಸಿದ ಸ್ಟಾಕು ಈ ವರ್ಷಕ್ಕೆ ಲೆಕ್ಕಕ್ಕಿಲ್ಲ. ‘ಕಾಣಿಸಿದೆ’ ಅನ್ನೋದೂ ಅಷ್ಟೇ, ಹೇಳಿದ ಆ ಕ್ಷಣಕ್ಕೆ ಮಾತ್ರ ನಿಜ. ‘ಈಗ ಕಾಣಿಸ್ತಿಲ್ಲ’ ಅನ್ನೋಕೆ ಎರಡು ಸೆಕೆಂಡ್ ಸಾಕಿತ್ತು. ಗೊತ್ತಿಲ್ಲ ಅಂತ ಒಪ್ಪಿಕೊಳ್ಳೋಕೆ ನಾಚಿಕೆ ಆದಾಗೆಲ್ಲ ನಂಗೀಗ ನಾರ್ತ್ ಪಾರ್ಕ್‌ನ ಆ 7 ಜನ ನೆನಪಾಗ್ತಾರೆ. ಅವರು ವಿಮಾನವನ್ನೇ ಹತ್ತಿರಲಿಲ್ಲ.

ಮುಂದಿನ ಪೋಸ್ಟ್: 1996, ನಮ್ಮದೇ ದೇಶದ ಚರ್ಖಿ ದಾದ್ರಿ. ಸೇವ್ ಮಾಡ್ಕೊಳ್ಳಿ, ಗೆಳೆಯರಿಗೂ ಕಳಿಸಿ.