ಸ್ಕ್ರೀನ್ ಪ್ರಿಂಟಿಂಗ್ ಫಿಲಂಗೆ ಯಾವ ಇಂಕ್‌ಜೆಟ್ ಪ್ರಿಂಟರ್? ಕಪ್ಪಿನ ಗುಣವೇ ಮೊದಲ ಮಾನದಂಡ

ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿಗೆ ಸೇರಿದ ರುದ್ರಪಟ್ಟಣ ಕಾವೇರಿ ತೀರದ ಪುಟ್ಟ ಗ್ರಾಮ. ವಿದ್ವಾನ್ ಆರ್.ಕೆ. ಶ್ರೀಕಂಠನ್, ರುದ್ರಪಟ್ಟಣಂ ಸಹೋದರರೆಂದೇ ಪ್ರಸಿದ್ಧರಾದ ಆರ್.ಎನ್. ತ್ಯಾಗರಾಜನ್ ಮತ್ತು ಆರ್.ಎನ್. ತಾರಾನಾಥನ್ ಅವರಂತಹ ಸಂಗೀತಗಾರರ ಊರು. ವಿದ್ವಾನ್ ಆರ್.ಕೆ. ಪದ್ಮನಾಭ ಅವರ ಪ್ರಯತ್ನದಿಂದ ಇಲ್ಲಿ ತಂಬೂರಿಯ ಆಕಾರದ ಸಪ್ತಸ್ವರ ದೇವತಾ ಧ್ಯಾನ ಮಂದಿರವೂ ನಿರ್ಮಾಣವಾಗಿದೆ. ಇಂತಹ ಊರಿನ ಸಂಗೀತ ಕಾರ್ಯಕ್ರಮಕ್ಕೆ ತಂಬೂರಿಯ ರೇಖಾಚಿತ್ರವುಳ್ಳ ಆಹ್ವಾನ ಪತ್ರಿಕೆಯನ್ನು ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಅಚ್ಚು ಹಾಕಬೇಕಾಗಿದೆ ಎಂದು ಭಾವಿಸೋಣ. ತಂಬೂರಿಯ ನಾಲ್ಕು ತಂತಿಗಳು ಕೂದಲೆಳೆಯಷ್ಟು ಸಣ್ಣ ಗೆರೆಗಳು. ಅವು ಕಾಗದದ ಮೇಲೆ ತುಂಡಾಗದೆ ಮೂಡಬೇಕಾದರೆ ಮೊದಲು ಫಿಲಂ ಸರಿಯಾಗಿರಬೇಕು. ಆ ಫಿಲಂ ತೆಗೆಯಲು ಯಾವ ಇಂಕ್‌ಜೆಟ್ ಪ್ರಿಂಟರ್ ಸೂಕ್ತ ಎಂಬುದು ಸಣ್ಣ ಊರುಗಳ ಮುದ್ರಕರಿಗೆ ಬಂಡವಾಳದ ಪ್ರಶ್ನೆ.

ಮದುವೆಯ ಕರೆಯೋಲೆ, ವಿಸಿಟಿಂಗ್ ಕಾರ್ಡ್, ಟೀ ಶರ್ಟ್, ಜವಳಿ ಅಂಗಡಿಯ ಚೀಲ ಇವೆಲ್ಲವೂ ಸ್ಕ್ರೀನ್ ಪ್ರಿಂಟಿಂಗ್‌ನ ನಿತ್ಯದ ಕೆಲಸಗಳು. ರಾಜ್ಯದಲ್ಲಿ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಚೀಲ ಹಾಗೂ ಫ್ಲೆಕ್ಸ್‌ಗಳ ಮೇಲೆ ನಿಷೇಧ ಬಂದಿತು. 2022ರ ಜುಲೈ 1ರಿಂದ ಏಕಬಳಕೆಯ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ದೇಶದಾದ್ಯಂತ ನಿಷೇಧ ಅನ್ವಯವಾಯಿತು. ಪ್ಲಾಸ್ಟಿಕ್ ಚೀಲದ ಬದಲಿಗೆ ಬರುವ ಬಟ್ಟೆಯ ಚೀಲದ ಮೇಲೆ ಅಂಗಡಿಯ ಹೆಸರು ಅಚ್ಚು ಹಾಕಲು ಇದು ಚೆನ್ನಾಗಿ ಒಗ್ಗುವ ವಿಧಾನ.

ಫಿಲಂ ಮಾಡುವ ಕೆಲಸವೇನು?

ಚೌಕಟ್ಟಿಗೆ ಬಿಗಿದ ಪಾಲಿಯೆಸ್ಟರ್ ಬಲೆಯ ಮೇಲೆ ಬೆಳಕಿಗೆ ಸ್ಪಂದಿಸುವ ಎಮಲ್ಷನ್ ಹಚ್ಚಿ ಒಣಗಿಸಲಾಗುತ್ತದೆ. ಅದಕ್ಕೆ ಫಿಲಂ ಪಾಸಿಟಿವ್ ಅನ್ನು ಒತ್ತಿ ಹಿಡಿದು ನೇರಳಾತೀತ ಕಿರಣಗಳುಳ್ಳ ದೀಪದ ಬೆಳಕು ಹಾಯಿಸುತ್ತಾರೆ. ಬೆಳಕು ತಾಗಿದ ಎಮಲ್ಷನ್ ಗಟ್ಟಿಯಾಗುತ್ತದೆ. ಫಿಲಂನ ಕಪ್ಪು ಭಾಗದ ಮರೆಯಲ್ಲಿದ್ದ ಎಮಲ್ಷನ್ ನೀರಿಗೆ ಕರಗಿ, ಬಲೆ ತೆರೆದುಕೊಳ್ಳುತ್ತದೆ. ಶಾಯಿ ಇಳಿಯುವುದು ಆ ತೆರವಿನಿಂದ.

ಆದ್ದರಿಂದ ಫಿಲಂನ ಕಪ್ಪು ಕಣ್ಣಿಗೆ ಎಷ್ಟು ಕಪ್ಪಾಗಿ ಕಾಣುತ್ತದೆ ಎಂಬುದು ಇಲ್ಲಿ ಎರಡನೆಯ ಮಾತು. ಸುಮಾರು 350ರಿಂದ 420 ನ್ಯಾನೋಮೀಟರ್ ತರಂಗಾಂತರದ ಕಿರಣಗಳನ್ನು ಅದು ಎಷ್ಟು ತಡೆಯುತ್ತದೆ ಎಂಬುದೇ ಮುಖ್ಯ. ಈ ತಡೆಯುವ ಶಕ್ತಿಯನ್ನು ಸಾಂದ್ರತೆ ಎಂದು ಅಳೆಯುತ್ತಾರೆ. ಸಾಂದ್ರತೆ 2 ಎಂದರೆ ಬೆಳಕಿನ ನೂರರಲ್ಲೊಂದು ಪಾಲು ಹಾದುಹೋಗುತ್ತದೆ. 3 ಎಂದರೆ ಸಾವಿರದಲ್ಲೊಂದು, 4 ಎಂದರೆ ಹತ್ತು ಸಾವಿರದಲ್ಲೊಂದು. ಸ್ಕ್ರೀನ್ ಕೆಲಸಕ್ಕೆ 3ರ ಆಸುಪಾಸು ಅಥವಾ ಅದಕ್ಕಿಂತ ಹೆಚ್ಚಿನ ಸಾಂದ್ರತೆ ಅಪೇಕ್ಷಣೀಯ.

ಕಪ್ಪು ತೆಳುವಾಗಿದ್ದರೆ ಅಕ್ಷರದ ಜಾಗದಲ್ಲೂ ಎಮಲ್ಷನ್ ಅರೆಬರೆ ಗಟ್ಟಿಯಾಗಿ ತೊಳೆದರೂ ಬಿಡುವುದಿಲ್ಲ. ಆಗ ಮುದ್ರಕರು ಬೆಳಕಿನ ಅವಧಿಯನ್ನು ಕಡಿಮೆ ಮಾಡುತ್ತಾರೆ. ಅಕ್ಷರವೇನೋ ಬಿಡಿಸಿಕೊಳ್ಳುತ್ತದೆ, ಆದರೆ ಉಳಿದ ಎಮಲ್ಷನ್ ಪೂರ್ಣವಾಗಿ ಬಲಿತಿರುವುದಿಲ್ಲ. ನೂರಿನ್ನೂರು ಪ್ರತಿಗಳಾಗುವಷ್ಟರಲ್ಲಿ ಸೂಜಿಮೊನೆಯಂತಹ ತೂತುಗಳು ಕಾಣಿಸಿಕೊಂಡು, ಲಗ್ನದ ದಿನ ಹತ್ತಿರವಿರುವಾಗ ಚೌಕಟ್ಟನ್ನು ಮತ್ತೆ ಸಿದ್ಧಪಡಿಸಬೇಕಾದ ಸ್ಥಿತಿ ಬರುತ್ತದೆ. ಹಾಳಾದ ಕಾರ್ಡುಗಳ ನಷ್ಟವೂ ಮುದ್ರಕನದೇ.

ಲೇಸರ್ ಸಾಲದೆ?

ಒಂದೇ ಬಣ್ಣದ, ದಪ್ಪ ಅಕ್ಷರದ ಕಾರ್ಡುಗಳಿಗೆ ಟ್ರೇಸಿಂಗ್ ಕಾಗದದ ಮೇಲಿನ ಲೇಸರ್ ಪ್ರಿಂಟ್ ಇಂದಿಗೂ ಸಾಕು. ಆ ಕೆಲಸವಷ್ಟೇ ಇರುವವರು ಹೊಸ ಯಂತ್ರಕ್ಕೆ ಹಣ ಹೂಡಬೇಕಾಗಿಲ್ಲ. ಆದರೆ ಲೇಸರ್ ಯಂತ್ರದ ಬಿಸಿಗೆ ಟ್ರೇಸಿಂಗ್ ಕಾಗದ ಕುಗ್ಗುವುದರಿಂದ, ಎರಡು ಮೂರು ಬಣ್ಣಗಳ ಕೆಲಸದಲ್ಲಿ ಒಂದರ ಮೇಲೊಂದು ಕೂರುವುದು ಕಷ್ಟ. ದೊಡ್ಡ ಕಪ್ಪು ಪ್ರದೇಶಗಳಲ್ಲಿ ಟೋನರ್ ತೆಳುವಾಗಿ ಬೆಳಕು ಸೋರುವುದೂ ಉಂಟು. ಇಂಕ್‌ಜೆಟ್‌ನಲ್ಲಿ ಬಿಸಿಯಿಂದ ಕುಗ್ಗುವ ಸಮಸ್ಯೆಯಿಲ್ಲ. ಜೊತೆಗೆ, ಹೆಚ್ಚು ಶಾಯಿ ಸುರಿದು ಕಪ್ಪನ್ನು ಗಾಢಗೊಳಿಸುವ ಅವಕಾಶವಿದೆ.

ಪ್ರಿಂಟರ್‌ನಲ್ಲಿ ಏನನ್ನು ನೋಡಬೇಕು?

ಮೊದಲನೆಯದು ಕಪ್ಪು ಶಾಯಿ. ಫಿಲಂ ಕೆಲಸಕ್ಕೆ ಡೈ ಶಾಯಿಯೇ ಹೆಚ್ಚು ಬಳಕೆಯಲ್ಲಿದೆ. ಇಂಕ್‌ಜೆಟ್ ಫಿಲಂನ ಸೂಕ್ಷ್ಮ ರಂಧ್ರಗಳ ಲೇಪನ ಅದನ್ನು ಹೀರಿಕೊಂಡು ಬೇಗ ಒಣಗಿಸುತ್ತದೆ. ಕಚೇರಿ ಬಳಕೆಯ ಅನೇಕ ಯಂತ್ರಗಳಲ್ಲಿ ಕಪ್ಪು ಪಿಗ್ಮೆಂಟ್ ಶಾಯಿ, ಉಳಿದವು ಡೈ. ಇಂಥವುಗಳಲ್ಲಿ ಕೆಲವು, ಹೊಳಪಿನ ಫೋಟೊ ಕಾಗದ ಎಂದು ಆರಿಸಿದೊಡನೆ ಕಪ್ಪು ಶಾಯಿಯನ್ನು ಬಿಟ್ಟು ಮೂರು ಬಣ್ಣಗಳನ್ನು ಬೆರೆಸಿ ಕಪ್ಪು ತಯಾರಿಸುತ್ತವೆ. ಕಣ್ಣಿಗೆ ಅದು ಕಪ್ಪೇ. ನೇರಳಾತೀತ ಕಿರಣಕ್ಕೆ ಅದು ಅಷ್ಟೇ ಮರೆಯಾಗುತ್ತದೆ ಎಂಬ ಖಾತರಿಯಿಲ್ಲ. ಕೊಳ್ಳುವ ಮುನ್ನ ಈ ಅಂಶವನ್ನು ಕೇಳಿ ತಿಳಿಯಬೇಕು.

ಎರಡನೆಯದು ಅಳತೆ. ಕರೆಯೋಲೆಗೆ ಎ4 ಸಾಕು. ಚೀಲ, ಟೀ ಶರ್ಟುಗಳಿಗೆ 13 ಅಂಗುಲ ಅಗಲ, 19 ಅಂಗುಲ ಉದ್ದದ ಎ3 ಪ್ಲಸ್ ಅಗತ್ಯ. ಎಪ್ಸನ್‌ನ ಆರು ಬಣ್ಣದ, ಟ್ಯಾಂಕ್ ಇರುವ ಎಲ್1800 ಈ ಕೆಲಸಕ್ಕೆ ಬಹಳ ಬಳಕೆಯಾದ ಮಾದರಿ; ಅದರ ಸ್ಥಾನಕ್ಕೆ ಬಳಿಕ ಎಲ್18050 ಬಂದಿದೆ. ಎಪ್ಸನ್ ಹೆಡ್‌ಗಳು ಶಾಯಿಯನ್ನು ಬಿಸಿ ಮಾಡದೆ ಪೀಜೋ ಒತ್ತಡದಿಂದ ಚಿಮ್ಮಿಸುತ್ತವೆ. ಫಿಲಂಗಾಗಿಯೇ ಬರುವ ರಿಪ್ ತಂತ್ರಾಂಶಗಳು ಹೆಚ್ಚಾಗಿ ಈ ಕಂಪನಿಯ ಮಾದರಿಗಳನ್ನು ಬೆಂಬಲಿಸುತ್ತವೆ.

ಮೂರನೆಯದು, ಜಾಹೀರಾತಿನಲ್ಲಿ ಎದ್ದು ಕಾಣುವ 5760 ಡಿಪಿಐ ಎಂಬ ಅಂಕಿ. ಇದಕ್ಕೆ ಮರುಳಾಗಬೇಕಿಲ್ಲ. 720 ಡಿಪಿಐಯಲ್ಲಿ ಒಂದು ಚುಕ್ಕೆಯ ಅಂತರ 0.035 ಮಿಲಿಮೀಟರ್, ಅರ್ಧ ಪಾಯಿಂಟ್ ಗೆರೆಯ ದಪ್ಪ ಸುಮಾರು 0.18 ಮಿಲಿಮೀಟರ್. ಅಂದರೆ ತಂಬೂರಿಯ ತಂತಿಗೆ 720ರಿಂದ 1440 ಡಿಪಿಐ ಧಾರಾಳವಾಯಿತು.

ರಿಪ್ ಬೇಕೆ?

ರಿಪ್ ತಂತ್ರಾಂಶ ಎರಡು ಕೆಲಸ ಮಾಡುತ್ತದೆ. ಶಾಯಿಯ ಪ್ರಮಾಣವನ್ನು ಹೆಚ್ಚಿಸುತ್ತದೆ ಮತ್ತು ಛಾಯಾಚಿತ್ರಗಳನ್ನು ಹಾಫ್‌ಟೋನ್ ಚುಕ್ಕೆಗಳಾಗಿ ಒಡೆಯುತ್ತದೆ. ಬರೀ ಅಕ್ಷರ ಮತ್ತು ಗೆರೆಗಳ ಕೆಲಸಕ್ಕೆ ಪ್ರಿಂಟರ್‌ನ ಡ್ರೈವರ್‌ನಲ್ಲೇ ಉತ್ತಮ ಗುಣಮಟ್ಟ ಹಾಗೂ ಸೂಕ್ತ ಕಾಗದವನ್ನು ಆರಿಸಿ ಪ್ರಯತ್ನಿಸಬಹುದು. ಅಪರೂಪಕ್ಕೊಮ್ಮೆ ಬರುವ ಹಾಫ್‌ಟೋನ್‌ಗೆ ಫೋಟೊಶಾಪ್‌ನ ಬಿಟ್‌ಮ್ಯಾಪ್ ಸೌಲಭ್ಯ ಸಾಕು. ಅಂಗುಲಕ್ಕೆ 45 ಗೆರೆಗಳ ಹಾಫ್‌ಟೋನ್ ಆದರೆ ಬಲೆಯ ಎಳೆಗಳು ಅದರ ನಾಲ್ಕೈದು ಪಟ್ಟು, ಎಂದರೆ ಅಂಗುಲಕ್ಕೆ 200ರ ಆಸುಪಾಸು ಇರಬೇಕೆಂಬುದು ರೂಢಿಯ ಲೆಕ್ಕ. ಎಲ್ಲ ಟ್ಯಾಂಕ್‌ಗಳಿಗೂ ಕಪ್ಪು ಶಾಯಿಯನ್ನೇ ತುಂಬುವ ಪದ್ಧತಿಯೂ ಇದೆ. ಅದಕ್ಕೆ ಹೊಂದುವ ರಿಪ್ ಕಡ್ಡಾಯ. ಆ ಬಳಿಕ ಯಂತ್ರವನ್ನು ಬಣ್ಣದ ಕೆಲಸಕ್ಕೆ ಬಳಸಲಾಗದು, ವಾರಂಟಿಗೂ ತೊಡಕಾಗಬಹುದು.

ಕನ್ನಡ ಅಕ್ಷರದ ಪರೀಕ್ಷೆ

ಇಂಗ್ಲಿಷ್ ಮಾದರಿ ಹಾಳೆಯನ್ನು ನೋಡಿ ಯಂತ್ರವನ್ನು ನಿರ್ಧರಿಸುವುದು ಸರಿಯಲ್ಲ. ಕನ್ನಡದಲ್ಲಿ ಒತ್ತಕ್ಷರಗಳು ಮೂಲ ಅಕ್ಷರಕ್ಕಿಂತ ಚಿಕ್ಕವು. ಅವುಗಳ ಒಳಗಿನ ಬಯಲು ಇನ್ನೂ ಕಿರಿದು. ಶಾಯಿ ಫಿಲಂ ಮೇಲೆ ಹರಡಿದರೆ ಆ ಬಯಲು ಮುಚ್ಚಿಹೋಗುತ್ತದೆ. ಕಪ್ಪು ತೆಳುವಾದರೆ ಒತ್ತಿನ ಬಾಲ ತುಂಡಾಗುತ್ತದೆ. "ಜ್ಯೇಷ್ಠ", "ಶ್ರೀಕೃಷ್ಣ", "ಸುಮುಹೂರ್ತ" ಎಂಬಂತಹ ಕರೆಯೋಲೆಯ ಪದಗಳನ್ನೇ 8, 10 ಮತ್ತು 12 ಪಾಯಿಂಟ್‌ಗಳಲ್ಲಿ ಜೋಡಿಸಿ, ಅರ್ಧ ಪಾಯಿಂಟ್‌ನ ನಾಲ್ಕು ಗೆರೆಗಳನ್ನೂ ಒಂದು ಅಂಗುಲದ ತುಂಬು ಕಪ್ಪು ಚೌಕವನ್ನೂ ಸೇರಿಸಿ, ಆ ಕಡತವನ್ನು ನಿಮ್ಮದೇ ಫಿಲಂ ಹಾಳೆಯೊಡನೆ ಮಾರಾಟಗಾರರ ಬಳಿಗೆ ಒಯ್ಯುವುದು ಉತ್ತಮ.

ಅಲ್ಲಿಯೇ ಎರಡು ಪ್ರತಿ ತೆಗೆಸಿ. ಮನೆಗೆ ಬಂದು ಚೌಕಟ್ಟಿನ ಒಂದು ಅರ್ಧಕ್ಕೆ ಒಂದೇ ಹಾಳೆಯ ಕಪ್ಪು ಚೌಕವನ್ನೂ ಇನ್ನೊಂದು ಅರ್ಧಕ್ಕೆ ಎರಡು ಹಾಳೆ ಜೋಡಿಸಿದ ಚೌಕವನ್ನೂ ಇಟ್ಟು, ಎಮಲ್ಷನ್ ಪೂರ್ಣ ಬಲಿಯುವಷ್ಟು ಹೊತ್ತು ಬೆಳಕು ಕೊಡಿ. ಜೋಡಿ ಹಾಳೆಯ ಭಾಗ ಸಲೀಸಾಗಿ ತೊಳೆದುಹೋಗಿ ಒಂಟಿ ಹಾಳೆಯದು ಹಟ ಹಿಡಿದರೆ ಆ ಪ್ರಿಂಟರ್‌ನ ಕಪ್ಪು ಸಾಲದು ಎಂದರ್ಥ. ಈ ಪರೀಕ್ಷೆಯನ್ನು ನಿಮ್ಮದೇ ದೀಪದಲ್ಲಿ ಮಾಡಬೇಕು. ಎಲ್‌ಇಡಿ ಘಟಕಗಳು ಸಾಮಾನ್ಯವಾಗಿ 395ರಿಂದ 405 ನ್ಯಾನೋಮೀಟರ್‌ನಲ್ಲಿ ಬೆಳಗುತ್ತವೆ, ಹಳೆಯ ಟ್ಯೂಬ್‌ಗಳ ಕಿರಣ ಬೇರೆ. ಒಂದೇ ಶಾಯಿ ಎರಡರಲ್ಲೂ ಒಂದೇ ರೀತಿ ವರ್ತಿಸಬೇಕೆಂದಿಲ್ಲ.

ಬಳಕೆಯಲ್ಲಿ ಎಚ್ಚರ

ಫಿಲಂನ ಲೇಪನವಿರುವ ಬದಿಯಲ್ಲೇ ಪ್ರಿಂಟ್ ತೆಗೆದು, ಶಾಯಿಯ ಬದಿ ಎಮಲ್ಷನ್‌ಗೆ ತಾಗುವಂತೆ ಇಡಬೇಕು. ಚೌಕಟ್ಟಿನ ಮುದ್ರಣ ಬದಿಗೆ ಫಿಲಂ ಇಡುವುದರಿಂದ, ಆಫ್‌ಸೆಟ್‌ನ ಫಿಲಂನಂತೆ ಇಲ್ಲಿ ಕನ್ನಡಿ ಪ್ರತಿಬಿಂಬ ಬೇಕಾಗಿಲ್ಲ. ಶಾಯಿಯ ಬದಿಯಿಂದ ಅಕ್ಷರ ನೇರವಾಗಿಯೇ ಓದುವಂತಿರಬೇಕು.

ಇಂಕ್‌ಜೆಟ್ ಸುಮ್ಮನೆ ನಿಂತರೆ ಕೆಡುವ ಯಂತ್ರ. ಲಗ್ನಗಳಿಲ್ಲದ ಆಷಾಢದಲ್ಲೂ ವಾರಕ್ಕೊಮ್ಮೆ ನಾಜಲ್ ಚೆಕ್ ಹಾಳೆ ತೆಗೆಯುವುದು ಲೇಸು. ಮಲೆನಾಡಿನ ಸೆರಗಿನಲ್ಲಿರುವ ಅರಕಲಗೂಡಿನಂತಹ ಕಡೆ ಮಳೆಗಾಲದ ತೇವಕ್ಕೆ ಫಿಲಂನ ಲೇಪನ ಅಂಟಂಟಾಗುವ ಸಂಭವವಿದೆ. ಹಾಳೆಗಳನ್ನು ಮುಚ್ಚಿದ ಚೀಲದಲ್ಲಿಟ್ಟು, ಪ್ರಿಂಟ್ ತೆಗೆದ ಫಿಲಂ ಪೂರ್ಣ ಒಣಗಿದ ಮೇಲಷ್ಟೇ ಬಳಸಬೇಕು. ಪ್ರಿಂಟ್ ನಡುವೆ ವಿದ್ಯುತ್ ಹೋದರೆ ಆ ಹಾಳೆ ವ್ಯರ್ಥವಾಗುವುದರಿಂದ ಯುಪಿಎಸ್‌ನ ಖರ್ಚನ್ನೂ ಯಂತ್ರದ ಬೆಲೆಯ ಜೊತೆಗೇ ಲೆಕ್ಕಕ್ಕೆ ಹಿಡಿಯುವುದು ಒಳಿತು.