ಕಾಗದದ ತಾರೀಖು: ‘ಕ್ಲೈಂಟ್ 9’ ಸಾಕ್ಷ್ಯಚಿತ್ರದ ಒಂದು ತಪ್ಪು ಓದು

2007ರ ನವೆಂಬರ್ 19ರ ತಾರೀಖು ಹೊತ್ತ ಒಂದು ಕಾಗದವಿದೆ. ರಿಪಬ್ಲಿಕನ್ ಪಕ್ಷದ ರಾಜಕೀಯ ತಂತ್ರಗಾರ ರೋಜರ್ ಸ್ಟೋನ್ ಪರವಾಗಿ ಆತನ ವಕೀಲರು ಎಫ್‌ಬಿಐಗೆ ಬರೆದದ್ದು. ನ್ಯೂಯಾರ್ಕ್ ರಾಜ್ಯದ ಗವರ್ನರ್ ಎಲಿಯಟ್ ಸ್ಪಿಟ್ಜರ್ ದುಬಾರಿ ವೇಶ್ಯೆಯರ ಬಳಿ ಹೋಗುತ್ತಾರೆ, ಅದಕ್ಕಾಗಿ ಹತ್ತಾರು ಸಾವಿರ ಡಾಲರ್ ಸುರಿದಿದ್ದಾರೆ ಎಂಬ ದೂರು ಅದರಲ್ಲಿದೆ. ಮೀನಖಂಡದ ಅರ್ಧದವರೆಗೆ ಬರುವ ಕಪ್ಪು ಕಾಲುಚೀಲವನ್ನು ಅವರು ಆಗಲೂ ಕಳಚುತ್ತಿರಲಿಲ್ಲ ಎಂಬ ವಿವರವೂ ಇದೆ. ನಾಲ್ಕು ತಿಂಗಳು ತುಂಬುವುದರೊಳಗೆ, 2008ರ ಮಾರ್ಚ್ 12ರಂದು, ಸ್ಪಿಟ್ಜರ್ ರಾಜೀನಾಮೆ ಘೋಷಿಸಿದರು.

ಕಾಗದ ಮೊದಲು ಬಂತು, ಪತನ ಆಮೇಲೆ ಆಯಿತು. ಹಾಗಾಗಿ ಕಾಗದದಿಂದಲೇ ಪತನ. ಅಲೆಕ್ಸ್ ಗಿಬ್ನಿ ನಿರ್ದೇಶಿಸಿದ ‘ಕ್ಲೈಂಟ್ 9: ದಿ ರೈಸ್ ಅಂಡ್ ಫಾಲ್ ಆಫ್ ಎಲಿಯಟ್ ಸ್ಪಿಟ್ಜರ್’ (2010) ಸಾಕ್ಷ್ಯಚಿತ್ರದ ಮಾತು ಬಂದಲ್ಲೆಲ್ಲ ಈ ಓದು ತಲೆಯೆತ್ತುತ್ತದೆ. ಚಿತ್ರವನ್ನು ಮೆಚ್ಚಿದವರು ‘ಶತ್ರುಗಳು ಸೇರಿ ಕೆಡವಿದರೆಂದು ಗಿಬ್ನಿ ತೋರಿಸಿಕೊಟ್ಟರು’ ಎನ್ನುತ್ತಾರೆ. ಮೆಚ್ಚದವರು ‘ತಪ್ಪಿತಸ್ಥನ ಹೊರೆಯನ್ನು ಶತ್ರುಗಳ ತಲೆಗೆ ಕಟ್ಟಿದರು’ ಎನ್ನುತ್ತಾರೆ. ಇಬ್ಬರೂ ಕಾಗದವನ್ನೇ ಕೇಂದ್ರದಲ್ಲಿಟ್ಟು ಜಗಳವಾಡುತ್ತಾರೆ. ಕಾಗೆ ಕೂತದ್ದಕ್ಕೂ ಟೊಂಗೆ ಮುರಿದದ್ದಕ್ಕೂ ಸಂಬಂಧ ಹಚ್ಚುವ ಈ ವಾದವನ್ನು ತಾರೀಖುಗಳೆದುರು ನಿಲ್ಲಿಸಿ ನೋಡುವುದು ಈ ಲೇಖನದ ಮೊದಲ ಕೆಲಸ. ಎರಡು ಪಕ್ಷದವರೂ ಸಾವಧಾನದಿಂದ ಓದದೆ ಬಿಟ್ಟ ಇನ್ನೊಂದು ದಾಖಲೆಗೆ ಅದರ ಜಾಗ ಕೊಡುವುದು ಎರಡನೆಯದು.

ಹಿನ್ನೆಲೆಯನ್ನು ವಿಸ್ತರಿಸಬೇಕಿಲ್ಲ. ಅಟಾರ್ನಿ ಜನರಲ್ ಆಗಿದ್ದಾಗ ಸ್ಪಿಟ್ಜರ್ 1921ರ ಮಾರ್ಟಿನ್ ಕಾಯ್ದೆಯ ಧೂಳು ಕೊಡವಿ ವಾಲ್‌ಸ್ಟ್ರೀಟಿನ ಮೇಲೆ ಪ್ರಯೋಗಿಸಿದ್ದು, 2002ರಲ್ಲಿ ಮೆರಿಲ್ ಲಿಂಚ್ 100 ಮಿಲಿಯನ್ ಡಾಲರ್ ತೆತ್ತದ್ದು, 2004ರಲ್ಲಿ ನ್ಯೂಯಾರ್ಕ್ ಷೇರುಪೇಟೆಯ ಮುಖ್ಯಸ್ಥರಾಗಿದ್ದ ರಿಚರ್ಡ್ ಗ್ರಾಸೊ ಮತ್ತು ಅವರ ಸಂಬಳಕ್ಕೆ ಒಪ್ಪಿಗೆ ಕೊಡಿಸಿದ ಕೆನ್ ಲಾಂಗೋನ್ ಮೇಲೆ ಮೊಕದ್ದಮೆ ಹೂಡಿದ್ದು, 2005ರಲ್ಲಿ ಎಐಜಿ ವಿಮಾಸಂಸ್ಥೆಯ ಹ್ಯಾಂಕ್ ಗ್ರೀನ್‌ಬರ್ಗ್ ಹುದ್ದೆ ಬಿಡಬೇಕಾಗಿ ಬಂದದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಗವರ್ನರ್ ಆದ ಮೇಲೆ ರಾಜ್ಯ ಸೆನೆಟ್‌ನ ನಾಯಕ ಜೋಸೆಫ್ ಬ್ರೂನೊ ಅವರೊಡನೆ ನಡೆದ ಕಾದಾಟವೂ ಅಷ್ಟೇ ಪರಿಚಿತ. ಬ್ರೂನೊ ಸರ್ಕಾರಿ ಹೆಲಿಕಾಪ್ಟರ್ ಬಳಸಿದ ದಾಖಲೆಗಳನ್ನು ಹೊರತರಲು ಗವರ್ನರ್ ಕಚೇರಿಯವರು ರಾಜ್ಯದ ಪೊಲೀಸರನ್ನು ದುರ್ಬಳಕೆ ಮಾಡಿಕೊಂಡರೆಂದು 2007ರ ಜುಲೈನಲ್ಲಿ ಹೊಸ ಅಟಾರ್ನಿ ಜನರಲ್ ಆ್ಯಂಡ್ರೂ ಕುವೊಮೊ ವರದಿ ಕೊಟ್ಟರು. ಅಂದರೆ ಶತ್ರುಗಳಿದ್ದರು, ಬಲಿಷ್ಠರಾಗಿದ್ದರು, ಅವರಲ್ಲಿ ಕೆಲವರನ್ನು ಸ್ಪಿಟ್ಜರ್ ತಮ್ಮ ನಾಲಿಗೆಯಿಂದಲೇ ಸಂಪಾದಿಸಿದ್ದರು. ಇದರಲ್ಲಿ ವಿವಾದವಿಲ್ಲ. ಶತ್ರುಗಳು ಇದ್ದರೆಂಬುದು ಬೇರೆ, ಅವರೇ ಕೆಡವಿದರೆಂಬುದು ಬೇರೆ.

ಈಗ ತಾರೀಖುಗಳು. ಸ್ಪಿಟ್ಜರ್ ಖಾತೆ ಇಟ್ಟಿದ್ದ ನಾರ್ತ್ ಫೋರ್ಕ್ ಬ್ಯಾಂಕ್ ಅವರ ಹಣ ರವಾನೆಯ ರೀತಿ ಕಂಡು ಸಂಶಯಗೊಂಡದ್ದು 2007ರಲ್ಲಿ, ಸ್ಟೋನ್ ಕಾಗದಕ್ಕೆ ತಿಂಗಳುಗಳ ಮೊದಲೇ. 10,000 ಡಾಲರ್ ದಾಟಿದ ನಗದು ವಹಿವಾಟನ್ನು ಬ್ಯಾಂಕುಗಳು ಸರ್ಕಾರಕ್ಕೆ ತಿಳಿಸಬೇಕೆಂಬ ನಿಯಮ ಅಲ್ಲಿ 1970ರ ಕಾಯ್ದೆಯಿಂದ ಬಂದದ್ದು. ಆ ಮಿತಿಯ ಕೆಳಗೆ ಉಳಿಯಲು ಹಣವನ್ನು ತುಂಡುಮಾಡಿ ಕಳಿಸುವಂತೆ ತೋರಿದರೂ ಅದು ವರದಿಗೆ ಅರ್ಹ. ರವಾನೆಯಿಂದ ತಮ್ಮ ಹೆಸರನ್ನು ತೆಗೆಯಬಹುದೇ ಎಂದು ಸ್ಪಿಟ್ಜರ್ ಬ್ಯಾಂಕಿನವರನ್ನು ಕೇಳಿದ್ದು ಸಂಶಯವನ್ನು ಗಟ್ಟಿ ಮಾಡಿತು. ಹಣ ತಲುಪುತ್ತಿದ್ದ ‘ಕ್ಯೂಎಟಿ’ ಎಂಬ ಹೆಸರಿನ ಪೊಳ್ಳು ಕಂಪನಿಗಳ ಬಗ್ಗೆ ಎಚ್‌ಎಸ್‌ಬಿಸಿ ಬ್ಯಾಂಕ್ ಬೇರೆಯಾಗಿಯೇ ವರದಿ ಕಳಿಸಿತ್ತು. ಎರಡು ವರದಿಗಳೂ ತೆರಿಗೆ ಇಲಾಖೆಯ ತನಿಖಾಧಿಕಾರಿಗಳ ಮೇಜಿನಲ್ಲಿ ಸಂಧಿಸಿದವು. ಅವರಿಗೆ ಮೊದಲು ಬಂದ ಅನುಮಾನ ಲಂಚದ್ದು: ಗವರ್ನರ್ ಒಬ್ಬರು ಗುಟ್ಟಾಗಿ ಪೊಳ್ಳು ಕಂಪನಿಗೆ ಹಣ ಕಳಿಸುವುದೇಕೆ? ಹಾದರದ ವಾಸನೆ ಯಾರಿಗೂ ಬಡಿದಿರಲಿಲ್ಲ. ಸ್ಟೋನ್ ಅವರ ಕಾಗದ ಎಫ್‌ಬಿಐ ತಲುಪುವಷ್ಟರಲ್ಲಿ ಬಲೆ ನೀರಿಗೆ ಬಿದ್ದಾಗಿತ್ತು.

ಕಾಗದದ ಒಳಗಿನ ಸಾಕ್ಷ್ಯವೂ ಇದನ್ನೇ ಹೇಳುತ್ತದೆ. ಬ್ಯಾಂಕು, ಪೊಳ್ಳು ಕಂಪನಿ, ‘ಎಂಪರರ್ಸ್ ಕ್ಲಬ್’ ಎಂಬ ವೇಶ್ಯಾವಾಟಿಕೆಯ ಜಾಲ ಇವುಗಳ ಆಧಾರದ ಮೇಲೆ ಮುಂದೆ ಮೊಕದ್ದಮೆ ನಿಂತಿತು. ಆದರೆ ಕಾಗದದ ಭಾರವೆಲ್ಲ ಇರುವುದು ಕ್ಲಬ್ಬೊಂದರಲ್ಲಿ ಪರಿಚಯವಾದವಳೊಬ್ಬಳ ಬಾಯಿಂದ ಕೇಳಿದ ಮಾತಿನ ಮೇಲೆ. ಆ ಕಾಲುಚೀಲದ ಸುಳಿವು ಸರ್ಕಾರಿ ವಕೀಲರ ದಾಖಲೆಯಲ್ಲಿ ಎಲ್ಲಿಯೂ ಇಲ್ಲ. ಆದರೂ ಜನರ ನೆನಪಿನಲ್ಲಿ ಉಳಿದದ್ದು ಅದೊಂದೇ. ಕಾಗದ ನಿಜವಾಗಿ ಸಾಧಿಸಿದ್ದೂ ಅಷ್ಟೇ. (ಸ್ಟೋನ್ ಮಾತಿನ ತೂಕದ ಬಗ್ಗೆ ಒಂದು ಸಂಗತಿ ಸೇರಿಸಲೇಬೇಕು. 2007ರ ಆಗಸ್ಟ್‌ನಲ್ಲಿ ಸ್ಪಿಟ್ಜರ್ ಅವರ ವೃದ್ಧ ತಂದೆಗೆ ದೂರವಾಣಿಯಲ್ಲಿ ಬೆದರಿಕೆಯ ಸಂದೇಶ ಬಿಟ್ಟ ಆರೋಪ ಆತನ ಮೇಲೆ ಬಂತು. ಆತ ನಿರಾಕರಿಸಿದರು, ಆದರೆ ಸೆನೆಟ್ ರಿಪಬ್ಲಿಕನ್ನರ ಸಲಹೆಗಾರನ ಕೆಲಸ ಕಳೆದುಕೊಂಡರು. ಇಂಥವರ ಕಾಗದವನ್ನು ಮೂಲ ಆಕರವೆಂದು ನೆಚ್ಚುವ ವಿದ್ವಾಂಸರು ಆಕರದ ಪರೀಕ್ಷೆ ಎಂಬ ಮೊದಲ ಪಾಠವನ್ನೇ ದಾಟಿ ಹೋಗಿದ್ದಾರೆ.)

ಹಾಗಾದರೆ ಶತ್ರುಗಳ ವಾದ ಇಲ್ಲಿಗೆ ಮುಗಿಯಿತೇ? ಇಲ್ಲ. ಅದು ನಿಲ್ಲಬೇಕಾದ ಜಾಗ ಬೇರೆ. ಪತ್ತೆ ಹಚ್ಚಿದವರು ಯಾರು ಎಂಬುದು ಒಂದು ಪ್ರಶ್ನೆ. ಬಯಲಿಗಿಟ್ಟವರು ಯಾರು, ಹೇಗೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಬ್ಯಾಂಕಿನ ಲೆಕ್ಕಪುಸ್ತಕದಲ್ಲಿದೆ. ಎರಡನೆಯದಕ್ಕೆ ಇರುವ ಆಕರ 2008ರ ಮಾರ್ಚ್ 6ರಂದು ಬಹಿರಂಗವಾದ 47 ಪುಟಗಳ ಅಫಿಡವಿಟ್.

ಎಂಪರರ್ಸ್ ಕ್ಲಬ್ ನಡೆಸುತ್ತಿದ್ದ ನಾಲ್ವರನ್ನು ಬಂಧಿಸಲು ನ್ಯಾಯಾಲಯದ ಮುಂದಿಟ್ಟ ದಾಖಲೆ ಇದು. ಕದ್ದಾಲಿಸಿದ 5,000ಕ್ಕೂ ಹೆಚ್ಚು ಕರೆ ಮತ್ತು ಸಂದೇಶಗಳು, 6,000ಕ್ಕೂ ಹೆಚ್ಚು ಇಮೇಲ್‌ಗಳು ಇದರ ಬೆನ್ನಿಗಿವೆ. ಗಿರಾಕಿಗಳು ಹತ್ತು ಮಂದಿ, ಯಾರ ಹೆಸರೂ ಇಲ್ಲ, ಎಲ್ಲರಿಗೂ ಅಂಕಿಗಳು. ಶಾಸನ ಓದುವವರಿಗೆ ಒಂದು ಅಭ್ಯಾಸವಿರುತ್ತದೆ: ದತ್ತಿ ಕೊಟ್ಟ ಊರುಗಳ ಪಟ್ಟಿಯಲ್ಲಿ ಒಂಬತ್ತಕ್ಕೆ ಒಂದೊಂದು ಸಾಲು ಕೊಟ್ಟು ಹತ್ತನೆಯದರ ಗಡಿಕಲ್ಲು, ಕೆರೆಯಂಗಳ, ಹುಣಸೆಮರವನ್ನೆಲ್ಲ ಕೆತ್ತಿದ್ದರೆ, ಬರೆಸಿದವನ ಮನಸ್ಸು ಎಲ್ಲಿತ್ತೆಂದು ಅವರು ತಡೆದು ನೋಡುತ್ತಾರೆ. ಅದೇ ಕಣ್ಣಿನಿಂದ ಈ ಅಫಿಡವಿಟ್ ನೋಡಬೇಕು. ಉಳಿದ ಗಿರಾಕಿಗಳು ಕೆಲವು ಸಾಲುಗಳಲ್ಲಿ ಸರಿದುಹೋಗುತ್ತಾರೆ. ಒಂಬತ್ತನೆಯ ಗಿರಾಕಿಗೆ ಬಂದೊಡನೆ ಬರವಣಿಗೆ ನಿಧಾನವಾಗುತ್ತದೆ. ಮುಂಗಡ ಹಣ ತಲುಪಿತೇ ಎಂಬ ಆತಂಕದ ಕರೆಗಳು, ನ್ಯೂಯಾರ್ಕಿನಿಂದ ವಾಷಿಂಗ್ಟನ್‌ಗೆ ಹೆಣ್ಣುಮಗಳ ರೈಲು ಪ್ರಯಾಣ, ಫೆಬ್ರವರಿ 13ರ ರಾತ್ರಿ, ಕೋಣೆಯ ಸಂಖ್ಯೆ 871, ಕೈಗೆ ಬಂದ 4,300 ಡಾಲರ್ ನಗದು, ಎಲ್ಲವೂ ಗಂಟೆ ನಿಮಿಷಗಳೊಡನೆ ಬರುತ್ತವೆ.

ಸರ್ಕಾರಿ ವಕೀಲರ ಪರವಾಗಿ ಒಂದು ಬಲವಾದ ಉತ್ತರವಿದೆ, ಅದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. 1910ರ ಮ್ಯಾನ್ ಕಾಯ್ದೆಯ ಪ್ರಕಾರ ವೇಶ್ಯಾವೃತ್ತಿಗಾಗಿ ಹೆಣ್ಣನ್ನು ರಾಜ್ಯದ ಗಡಿ ದಾಟಿಸುವುದು ಅಪರಾಧ. ರೈಲಿನ ವಿವರ, ಊರಿನ ಹೆಸರು, ಹಣದ ಮೊತ್ತ ಆ ಅಪರಾಧವನ್ನು ಸಾಬೀತುಪಡಿಸಲು ಬೇಕು. ಒಪ್ಪೋಣ. ಆದರೆ ಭೇಟಿ ಮುಗಿದ ಮೇಲೆ ಆ ಯುವತಿಗೂ ಬುಕಿಂಗ್ ನೋಡಿಕೊಳ್ಳುತ್ತಿದ್ದವಳಿಗೂ ನಡೆದ ಮಾತುಕತೆ ಯಾವ ಅಂಶವನ್ನು ಸಾಬೀತುಪಡಿಸುತ್ತದೆ? ಈ ಗಿರಾಕಿ ಕಷ್ಟದವನೆಂದು ಕೆಲವರು ಹೇಳಿದ್ದಾರೆ, ಸುರಕ್ಷಿತವಲ್ಲವೆನಿಸುವುದನ್ನು ಕೇಳುತ್ತಾನಂತೆ ಎಂಬ ಮಾತು ಅಲ್ಲಿದೆ. ದುಡ್ಡಿಗಾಗಿ ನಡೆದದ್ದು ಏನೆಂದು ಸಾಬೀತು ಮಾಡಲು ಇದು ಬೇಕಿತ್ತು ಎನ್ನಬಹುದು. ಆದರೆ ದರ, ಪ್ರಯಾಣ, ಪಾವತಿಯ ಸಾಲುಗಳು ಅದನ್ನು ಆಗಲೇ ಹೇಳಿ ಮುಗಿಸಿದ್ದವು. ಈ ಸಂಭಾಷಣೆಯಿಂದ ಬಂಧಿತರಾದ ನಾಲ್ವರ ತಪ್ಪು ಒಂದು ಗುಲಗಂಜಿಯಷ್ಟೂ ಹೆಚ್ಚುವುದಿಲ್ಲ. ಆರೋಪಿಯೇ ಅಲ್ಲದ, ಹೆಸರೂ ಇಲ್ಲದ ಒಬ್ಬ ಮನುಷ್ಯ ಗುರುತು ಸಿಕ್ಕ ಮರುಕ್ಷಣ ಮುಖವೆತ್ತದಂತಾಗುವುದು ಮಾತ್ರ ಖಚಿತ.

ಗುರುತು ಸಿಗಲು ತಡವಾಗಲಿಲ್ಲ. ವೇಶ್ಯಾವಾಟಿಕೆಯ ಮೊಕದ್ದಮೆಯನ್ನು ಸಾರ್ವಜನಿಕ ಭ್ರಷ್ಟಾಚಾರ ವಿಭಾಗದ ವಕೀಲರು ಹಿಡಿದಿರುವುದೇಕೆ ಎಂದು ‘ನ್ಯೂಯಾರ್ಕ್ ಟೈಮ್ಸ್’ ವರದಿಗಾರರು ಕೇಳಿಕೊಂಡರು. ಮಾರ್ಚ್ 10ರಂದು ಒಂಬತ್ತನೆಯ ಗಿರಾಕಿ ಸ್ಪಿಟ್ಜರ್ ಎಂಬ ಸುದ್ದಿ ಹೊರಬಿತ್ತು. ಎಂಟು ತಿಂಗಳ ಬಳಿಕ, ನವೆಂಬರ್ 6ರಂದು, ಆ ಸರ್ಕಾರಿ ವಕೀಲರ ಕಚೇರಿಯ ಮುಖ್ಯಸ್ಥ ಮೈಕೇಲ್ ಗಾರ್ಸಿಯಾ ಸ್ಪಿಟ್ಜರ್ ಮೇಲೆ ಯಾವ ಆರೋಪವನ್ನೂ ಹೊರಿಸುವುದಿಲ್ಲವೆಂದು ಘೋಷಿಸಿದರು. ಶಿಕ್ಷೆ ಅಷ್ಟರಲ್ಲಿ ಆಗಿಹೋಗಿತ್ತು. ಇದರ ಪಕ್ಕದಲ್ಲಿ ಲೂಸಿಯಾನಾದ ರಿಪಬ್ಲಿಕನ್ ಸೆನೆಟರ್ ಡೇವಿಡ್ ವಿಟರ್ ಅವರನ್ನು ನಿಲ್ಲಿಸಿ ನೋಡಿ. 2007ರ ಜುಲೈನಲ್ಲಿ ವಾಷಿಂಗ್ಟನ್ನಿನ ಇಂಥದೇ ಒಂದು ಜಾಲದ ದೂರವಾಣಿ ಪಟ್ಟಿಯಲ್ಲಿ ಅವರ ಸಂಖ್ಯೆ ಸಿಕ್ಕಿತು. ಸಿಕ್ಕಿದ್ದು ಸಂಖ್ಯೆ ಮಾತ್ರ. ಅವರ ರಾತ್ರಿಯನ್ನು ಪುಟಗಟ್ಟಲೆ ವರ್ಣಿಸುವ ಸರ್ಕಾರಿ ದಾಖಲೆ ಯಾವುದೂ ಇರಲಿಲ್ಲ. ವಿಟರ್ ಕ್ಷಮೆ ಕೇಳಿ ಹುದ್ದೆಯಲ್ಲಿ ಉಳಿದರು, 2010ರಲ್ಲಿ ಮತ್ತೆ ಗೆದ್ದರು.

ಅಫಿಡವಿಟ್‌ನಿಂದ ಸಾಬೀತಾಗುವುದು ಅತಿರೇಕ, ದುರುದ್ದೇಶವಲ್ಲ. ಗ್ರೀನ್‌ಬರ್ಗ್, ಲಾಂಗೋನ್, ಬ್ರೂನೊ ಇವರಿಂದ ಗಾರ್ಸಿಯಾ ಕಚೇರಿಗೆ ಒಂದು ದಾರಿಯಿತ್ತೆಂದು ತೋರಿಸುವ ಕಾಗದ ಯಾವುದೂ ಚಿತ್ರದಲ್ಲಿ ಇಲ್ಲ, ಮತ್ತು ಗಿಬ್ನಿ ಹಾಗೆ ಇದೆಯೆಂದು ಹೇಳುವುದೂ ಇಲ್ಲ. ಅವರ ಹೆಸರಿನಲ್ಲಿ ಹೇಳುವವರು ಅವರ ಅಭಿಮಾನಿಗಳು. ಸ್ಪಿಟ್ಜರ್ ಸ್ವತಃ ಕ್ಯಾಮೆರಾದ ಮುಂದೆ ಆ ಆಸರೆಯನ್ನು ಬೇಡವೆನ್ನುತ್ತಾರೆ. ತನ್ನನ್ನು ಕೆಡವಿದ್ದು ತಾನೇ ಎಂಬುದು ಅವರ ನಿಲುವು. ಅಟಾರ್ನಿ ಜನರಲ್ ಆಗಿ ವೇಶ್ಯಾವಾಟಿಕೆಯ ಜಾಲಗಳ ಮೇಲೆ ಮೊಕದ್ದಮೆ ನಡೆಸಿದವರು, 2007ರಲ್ಲಿ ಗಿರಾಕಿಗಳ ಶಿಕ್ಷೆಯನ್ನು ಏರಿಸುವ ಕಾನೂನಿಗೆ ಗವರ್ನರ್ ಆಗಿ ಸಹಿ ಹಾಕಿದವರು ಅವರೇ. ಈ ಲೇಖನದ ಒಲವು ಷೇರುಪೇಟೆಯ ಮೋಸವನ್ನು ಎದುರಿಸಿದ ಸ್ಪಿಟ್ಜರ್ ಕಡೆಗಿದೆ ಎಂಬುದನ್ನು ಮರೆಮಾಡಬೇಕಿಲ್ಲ. ಆದರೆ ಆ ಸಹಿಯನ್ನು ಬದಿಗಿಟ್ಟು ಅವರ ಪತನದ ಚರಿತ್ರೆ ಬರೆಯಲು ಬರುವುದಿಲ್ಲ.

ಚಿತ್ರದ ನಿಜವಾದ ಸಂಶೋಧನೆ ಇನ್ನೊಂದು ಕಡೆ ಇದೆ, ಅದರ ಬಗ್ಗೆ ಆಡಿದವರು ಕಡಿಮೆ. ಪತ್ರಿಕೆಗಳು ತಿಂಗಳುಗಟ್ಟಲೆ ಮುಖಪುಟಕ್ಕೆ ಹಾಕಿದ ಯುವತಿ ಸ್ಪಿಟ್ಜರ್ ಅವರನ್ನು ಕಂಡದ್ದು ಒಂದೇ ಸಲ. ಪದೇ ಪದೇ ಕಾಣುತ್ತಿದ್ದವಳು ಬೇರೊಬ್ಬಳು. ಗಿಬ್ನಿ ಅವಳನ್ನು ಹುಡುಕಿ ಮಾತನಾಡಿಸಿದರು. ಮುಖ ತೋರಿಸಲು ಅವಳು ಒಪ್ಪಲಿಲ್ಲ. ಅವಳ ಮಾತಿನ ಲಿಖಿತ ಪ್ರತಿಯನ್ನು ರೆನ್ ಶ್ಮಿಟ್ ಎಂಬ ನಟಿ ‘ಏಂಜೆಲಿನಾ’ ಎಂಬ ಹೆಸರಿನಲ್ಲಿ ಅಭಿನಯಿಸಿದ್ದಾರೆ, ಮತ್ತು ಇದು ನಟನೆಯೆಂದು ಚಿತ್ರವೇ ಪ್ರೇಕ್ಷಕರಿಗೆ ತಿಳಿಸುತ್ತದೆ. ಸಾಕ್ಷ್ಯಚಿತ್ರದಲ್ಲಿ ನಟಿಯೇ ಎಂದು ಮೂಗು ಮುರಿದವರಿದ್ದಾರೆ. ಎರೋಲ್ ಮೋರಿಸ್ ಅವರ ‘ದಿ ಥಿನ್ ಬ್ಲೂ ಲೈನ್’ (1988) ಮೇಲೂ ಇಂಥದೇ ಆಕ್ಷೇಪ ಬಂದಿತ್ತು. ಆ ಚಿತ್ರದಿಂದಾಗಿ ಮರಣದಂಡನೆಗೆ ಗುರಿಯಾಗಿದ್ದ ನಿರಪರಾಧಿಯೊಬ್ಬ ಜೈಲಿನಿಂದ ಹೊರಬಂದ. ಸಾಕ್ಷಿಯ ಮುಖವನ್ನು ಕಾಪಾಡಿ ಮಾತನ್ನು ಉಳಿಸುವ ಗಿಬ್ನಿ ಅವರ ಕ್ರಮ, ಗುರುತು ಸಿಗುವಂತೆ ಬರೆದು ಹೆಸರನ್ನು ಮಾತ್ರ ಬಿಟ್ಟ ಅಫಿಡವಿಟ್‌ಗಿಂತ ಹೆಚ್ಚು ನ್ಯಾಯವಾದದ್ದು.

‘ಕ್ಲೈಂಟ್ 9’ ಬಂದ ಆರು ವರ್ಷಗಳ ಬಳಿಕ ಜೋಶ್ ಕ್ರೀಗ್‌ಮನ್ ಮತ್ತು ಎಲಿಸ್ ಸ್ಟೈನ್‌ಬರ್ಗ್ ಅವರ ‘ವೀನರ್’ (2016) ಬಂತು. ನ್ಯೂಯಾರ್ಕಿನ ಮೇಯರ್ ಹುದ್ದೆಗೆ 2013ರಲ್ಲಿ ಸ್ಪರ್ಧಿಸಿದ ಆಂಟನಿ ವೀನರ್ ಕುಸಿಯುವುದನ್ನು ಅಲ್ಲಿ ಕ್ಯಾಮೆರಾ ಅವರ ಕೋಣೆಯಲ್ಲೇ ನಿಂತು ನೋಡುತ್ತದೆ. ಆ ಚಿತ್ರಕ್ಕೆ ಶತ್ರುಗಳ ಅಗತ್ಯವೇ ಬೀಳುವುದಿಲ್ಲ. (2013ರಲ್ಲೇ ಸ್ಪಿಟ್ಜರ್ ಕೂಡ ನಗರದ ಕಂಪ್ಟ್ರೋಲರ್ ಹುದ್ದೆಗೆ ನಿಂತು ಪಕ್ಷದೊಳಗಿನ ಚುನಾವಣೆಯಲ್ಲೇ ಸೋತರು.) ಎಲ್ಲ ಮುಗಿದ ಮೇಲೆ ಬಂದ ಗಿಬ್ನಿಗೆ ಆ ಅನುಕೂಲವಿರಲಿಲ್ಲ. ಗ್ರೀನ್‌ಬರ್ಗ್, ಲಾಂಗೋನ್, ಬ್ರೂನೊ, ಸ್ಟೋನ್ ನಾಲ್ವರನ್ನೂ ಕ್ಯಾಮೆರಾದ ಮುಂದೆ ಕೂರಿಸಿ ಅವರಾಗಿ ಮಾತನಾಡಲು ಬಿಟ್ಟದ್ದು ಅವರ ವಿಧಾನ.

ಹಾಗೆ ಹೊರಬಂದ ಮಾತುಗಳಲ್ಲಿ ಕಾಲುಚೀಲದ ಕಾಗದಕ್ಕಿಂತ ಹೆಚ್ಚು ಗಮನ ಬೇಡುವಂಥವಿವೆ. ಅವುಗಳ ಜೊತೆ, ಸ್ಪಿಟ್ಜರ್ ರಾಜೀನಾಮೆಯ ದಿನಗಳಲ್ಲಿ ಲಾಂಗೋನ್ ಟಿವಿಯಲ್ಲಿ ಆಡಿದ ಒಂದು ಮಾತನ್ನೂ ಇಟ್ಟು ಓದಬೇಕು. ಸ್ಪಿಟ್ಜರ್ ಅಂಚೆ ಕಚೇರಿಗೆ ಹೋಗಿ ಮನಿ ಆರ್ಡರ್ ಕೊಂಡದ್ದು ತಮಗೆ ಗೊತ್ತು, ಅವರ ಹಿಂದೆ ಸಾಲಿನಲ್ಲಿ ನಿಂತಿದ್ದವನು ತಮಗೆ ಪರಿಚಿತ ಎಂದರು. ಗವರ್ನರ್‌ನ ಬೆನ್ನ ಹಿಂದೆ, ಅಂಚೆ ಕಚೇರಿಯ ಸಾಲಿನಲ್ಲಿ, ಬದ್ಧಶತ್ರುವಿನ ಪರಿಚಿತನೊಬ್ಬ ಆ ಹೊತ್ತಿಗೆ ನಿಂತಿದ್ದು ಹೇಗೆ? ಆ ಮನುಷ್ಯನ ಹೆಸರನ್ನು ಲಾಂಗೋನ್ ಅಂದು ಹೇಳಲಿಲ್ಲ.